ಫೀಸು, ಸ್ಕಾಲರ್‌ಶಿಪ್, ಬ್ಯಾಂಕ್ ಸಾಲ: ನಮ್ಮ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೌಂಟರ್ ನೋಡಿಕೊಳ್ಳುವವನು ನಾನು. ಜುಲೈನಿಂದ ಅಕ್ಟೋಬರ್‌ವರೆಗೆ ನನ್ನ ಕಿಟಕಿ ಮುಂದೆ ಜನ ಕರಗುವುದೇ ಇಲ್ಲ. ಜಗಳೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ ಅಪ್ಪ, ಹೊಳಲ್ಕೆರೆ ಕಡೆಯಿಂದ ಬಂದ ತಾಯಿ ಮಗಳು, ಚಳ್ಳಕೆರೆಯಿಂದ ಒಬ್ಬನೇ ಬಂದ ಹುಡುಗ. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಬುಕ್ಕು. ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಸಿಇಟಿಯಲ್ಲಿ ಸೀಟು ಸಿಕ್ಕಿದೆ. ಒಟ್ಟು ಎಷ್ಟು ಸಹಾಯ ಸಿಗುತ್ತೆ ಅಂತ ಕಾಲೇಜಿನವರು ಬರೆದು ಕೊಡ್ತಾರಾ?

ಇಲ್ಲ. ಅಮೆರಿಕದ ಕಾಲೇಜುಗಳು ಸೀಟಿನ ಜೊತೆಗೇ ಒಂದು ಪತ್ರ ಕಳಿಸುತ್ತವೆ. ಇಷ್ಟು ಸ್ಕಾಲರ್‌ಶಿಪ್, ಇಷ್ಟು ಸಾಲ, ಉಳಿದಿದ್ದು ನಿಮ್ಮ ಪಾಲು ಅಂತ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಫೀಸಿನ ರಿಯಾಯಿತಿ ಒಂದು ಇಲಾಖೆಯಿಂದ, ಊಟ ವಸತಿಯ ದುಡ್ಡು ಇನ್ನೊಂದರಿಂದ, ಸಾಲ ಬ್ಯಾಂಕಿನಿಂದ, ಮೇಲೊಂದಿಷ್ಟು ಯಾವುದೋ ಟ್ರಸ್ಟಿನಿಂದ. ಇವನ್ನೆಲ್ಲ ಸೇರಿಸಿ ಗಂಟು ಕಟ್ಟುವ ಕೆಲಸ ಮನೆಯವರದ್ದೇ.

ನಾನು ಎಲ್ಲರಿಗೂ ಹೇಳುವುದು ಒಂದೇ. ಒಂದು ಗೆರೆ ಹಾಳೆ ತಗೊಂಡು ಮೂರು ಕಾಲಂ ಹಾಕಿ. ಮೊದಲನೆಯದು, ವಾಪಸ್ ಕೊಡಬೇಕಿಲ್ಲದ ದುಡ್ಡು. ಎರಡನೆಯದು, ಬಡ್ಡಿ ಸಮೇತ ವಾಪಸ್ ಕೊಡಬೇಕಾದ ದುಡ್ಡು. ಮೂರನೆಯದು, ಅದು ಯಾವ ತಿಂಗಳು ಕೈಗೆ ಬರುತ್ತದೆ ಅನ್ನುವುದು. ಮೊದಲೆರಡನ್ನು ಎಲ್ಲರೂ ತುಂಬುತ್ತಾರೆ. ಮನೆಗಳು ಒದ್ದಾಡುವುದು ಮೂರನೆಯದನ್ನು ಖಾಲಿ ಬಿಟ್ಟಿದ್ದಕ್ಕೆ. ಫೀಸಿನ ಚಲನ್ ಬರುವುದು ಶ್ರಾವಣದ ಆಸುಪಾಸು. ಮೆಕ್ಕೆಜೋಳ ಕಣಕ್ಕೆ ಬರುವುದು ದೀಪಾವಳಿ ಹೊತ್ತಿಗೆ. ಸ್ಕಾಲರ್‌ಶಿಪ್ ಬರುವುದು ಅದಕ್ಕಿಂತ ಎಷ್ಟೋ ಆಚೆ.

ಚಲನ್‌ನಲ್ಲಿರುವುದೇ ಪೂರ್ತಿ ಖರ್ಚಾ?

ಅಲ್ಲ. ಅದು ಆ ವರ್ಷದ ಫೀಸು ಮಾತ್ರ. ಹಾಸ್ಟೆಲ್, ಮೆಸ್, ಪರೀಕ್ಷೆ ಫೀಸು, ಪುಸ್ತಕ, ಲ್ಯಾಬ್ ಕೋಟು, ಲ್ಯಾಪ್‌ಟಾಪು ಎಲ್ಲ ಬೇರೆ. ವಿದ್ಯಾನಗರದ ಕಡೆ ರೂಮು ಮಾಡುವವರು ಅಡ್ವಾನ್ಸ್ ಸೇರಿಸಿಕೊಳ್ಳಬೇಕು. ಹರಿಹರದಿಂದಲೋ ಚನ್ನಗಿರಿಯಿಂದಲೋ ಓಡಾಡುವ ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹುಡುಗರಿಗೆ ವಿದ್ಯಾರ್ಥಿ ಪಾಸು. ನಮ್ಮ ಕಾಲೇಜಿನ ಎಷ್ಟೋ ಹುಡುಗಿಯರು ಈಗ ರೂಮು ಬಿಟ್ಟು ಊರಿಂದಲೇ ಓಡಾಡುತ್ತಾರೆ. ಮನೆಯ ಲೆಕ್ಕದಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ಫೀಸೇ ಕಮ್ಮಿ ಆಗುವ ದಾರಿ ಇದೆಯಾ?

ಎಂಜಿನಿಯರಿಂಗ್‌ಗೆ ಎಸ್‌ಎನ್‌ಕ್ಯೂ ಸೀಟು ಇದೆ. ಸೂಪರ್ ನ್ಯೂಮರರಿ ಕೋಟಾ ಅಂತ ಅದರ ಪೂರ್ತಿ ಹೆಸರು. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಜಾಸ್ತಿ ಸೀಟು ಇಟ್ಟಿರುತ್ತಾರೆ. ಮನೆಯ ವರ್ಷದ ಆದಾಯ 8 ಲಕ್ಷ ರೂಪಾಯಿಗಿಂತ ಕಮ್ಮಿ ಇದ್ದವರಿಗೆ ಬೋಧನಾ ಶುಲ್ಕ ಮಾಫಿ. ಉಳಿದ ಫೀಸು ಕಟ್ಟಲೇಬೇಕು. ಆದರೂ ಖಾಸಗಿ ಕಾಲೇಜಿನಲ್ಲಿ ಇದು ದೊಡ್ಡ ವ್ಯತ್ಯಾಸ. ಸಿಇಟಿ ಅರ್ಜಿ ತುಂಬುವಾಗಲೇ ಇದನ್ನು ಕೇಳಿರಬೇಕು. ಸೀಟು ಹಂಚಿಕೆ ಮುಗಿದ ಮೇಲೆ ಬಂದು "ಸಾರ್, ನಮಗೂ ಎಸ್‌ಎನ್‌ಕ್ಯೂ ಮಾಡಿಕೊಡಿ" ಅಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಇವೆ. ಎಸ್‌ಸಿ ಮಕ್ಕಳ ಕೇಂದ್ರದ ಯೋಜನೆಗೆ ಆದಾಯದ ಮಿತಿ 2.5 ಲಕ್ಷ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಒಂದು ಮಿತಿ, 2ಎ, 3ಎ, 3ಬಿಗೆ ಬೇರೆ ಮಿತಿ. ಪಕ್ಕದ ಮನೆ ಹುಡುಗನಿಗೆ ಬಂತು, ನಮಗೆ ಯಾಕಿಲ್ಲ ಅಂತ ಜಗಳಕ್ಕೆ ಬರುವವರ ಕೇಸಿನಲ್ಲಿ ಅರ್ಧಕ್ಕರ್ಧ ಕಾರಣ ಇದೇ.

ಎಸ್‌ಎಸ್‌ಪಿ ಅರ್ಜಿಗೆ ಏನೇನು ಬೇಕು?

ರಾಜ್ಯ ಸರ್ಕಾರದ ಎಲ್ಲ ಇಲಾಖೆಗಳ ಸ್ಕಾಲರ್‌ಶಿಪ್‌ಗೂ ಎಸ್‌ಎಸ್‌ಪಿ ಪೋರ್ಟಲ್ ಒಂದೇ ಬಾಗಿಲು. ವಿದ್ಯಾರ್ಥಿಯ ಮತ್ತು ಅಪ್ಪ ಅಮ್ಮನ ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ, ಫೀಸು ಕಟ್ಟಿದ ರಸೀತಿ ಬೇಕು. ಹಾಸ್ಟೆಲ್‌ನಲ್ಲಿದ್ದರೆ ಅದರ ವಿವರ. ಕೆಲವು ದಾಖಲೆಗಳಿಗೆ ಕಾಲೇಜಿನಲ್ಲಿ ಇ-ಅಟೆಸ್ಟೇಷನ್, ಅಂದರೆ ಆನ್‌ಲೈನ್ ದೃಢೀಕರಣ, ಮಾಡಿಸಬೇಕು.

ಹೆಸರು ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ "ಮಂಜುನಾಥ ಬಿ", ಆಧಾರ್‌ನಲ್ಲಿ "ಮಂಜುನಾಥ ಬಸಪ್ಪ" ಅಂತಿದ್ದರೆ ಕಂಪ್ಯೂಟರ್ ಅದನ್ನು ಇಬ್ಬರು ಹುಡುಗರು ಅಂತ ತಿಳಿಯುತ್ತದೆ. ಇದನ್ನು ರಜೆಯಲ್ಲೇ ಸರಿ ಮಾಡಿಸಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ನಾಡಕಚೇರಿಗೆ ಮೇ ತಿಂಗಳಲ್ಲೇ ಹೋಗಿ. ಜುಲೈನಲ್ಲಿ ಹೋದರೆ ನಿಮ್ಮ ಮುಂದೆ ಇಡೀ ಹೋಬಳಿ ನಿಂತಿರುತ್ತದೆ.

ಅರ್ಜಿ ಮಂಜೂರಾಗಿದೆ ಅಂತ ತೋರಿಸುತ್ತೆ, ಪಾಸ್‌ಬುಕ್ಕಲ್ಲಿ ಮಾತ್ರ ಏನೂ ಇಲ್ಲ. ಎಲ್ಲಿ ಹೋಯ್ತು ದುಡ್ಡು?

ಇದಕ್ಕೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ಊರಿಗೆಲ್ಲ ಸ್ಕಾಲರ್‌ಶಿಪ್ ಬುದ್ಧಿ ಹೇಳುವ ನನ್ನ ಮಗನ ದುಡ್ಡೇ ಏಳು ತಿಂಗಳು ಕಾಣೆಯಾಗಿತ್ತು. ಅರ್ಜಿಯಲ್ಲಿ ಅವನ ಹೊಸ ಖಾತೆ ನಂಬರ್ ಇತ್ತು, ಆ ಖಾತೆಗೆ ಆಧಾರ್ ಕೊಟ್ಟಿದ್ದೆವು, ಎಲ್ಲ ಸರಿ ಇತ್ತು. ದಿನಾ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಮೆಷಿನ್ನಿಗೇ ಬೇಜಾರಾಗಿತ್ತೋ ಏನೋ. ಕೊನೆಗೆ ಮೊಬೈಲಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿ ನೋಡಿದರೆ ದುಡ್ಡು ಎಂದೋ ಜಮಾ ಆಗಿದೆ. ಎಲ್ಲಿ? ಅವನು ಹೈಸ್ಕೂಲಿನಲ್ಲಿದ್ದಾಗ ಯೂನಿಫಾರ್ಮ್ ದುಡ್ಡಿಗೆ ಅಂತ ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ತೆರೆಸಿದ್ದ ಜೀರೋ ಬ್ಯಾಲೆನ್ಸ್ ಖಾತೆಗೆ. ಆ ಪಾಸ್‌ಬುಕ್ಕು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ಬಿಟ್ಟು ನಾಲ್ಕು ವರ್ಷ ಆಗಿತ್ತು. ಖಾತೆ ನಿಷ್ಕ್ರಿಯ ಆಗಿದೆ ಅಂತ ಬ್ಯಾಂಕಿನವರು ಮತ್ತೆ ಮೂರು ಸಲ ಓಡಾಡಿಸಿದರು.

ವಿಷಯ ಇಷ್ಟೇ. ಆಧಾರ್ ನಂಬರನ್ನು ನೀವು ಹತ್ತು ಖಾತೆಗೆ ಬೇಕಾದರೂ ಕೊಡಬಹುದು. ಸರ್ಕಾರದ ದುಡ್ಡು ಬರುವುದು ಮಾತ್ರ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಇರುವ ಒಂದೇ ಬ್ಯಾಂಕಿಗೆ. ಇದಕ್ಕೆ ಆಧಾರ್ ಸೀಡಿಂಗ್ ಅನ್ನುತ್ತಾರೆ. "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಿದರೆ ಕೌಂಟರಿನವರು "ಆಗಿದೆ ಹೋಗ್ರಿ" ಅಂದುಬಿಡುತ್ತಾರೆ. "ಎನ್‌ಪಿಸಿಐ ಸೀಡಿಂಗ್ ಯಾವ ಬ್ಯಾಂಕಿಗಿದೆ" ಅಂತಲೇ ಕೇಳಿ. ಬೇರೆ ಬ್ಯಾಂಕಿಗಿದ್ದರೆ, ಬೇಕಾದ ಬ್ಯಾಂಕಿನಲ್ಲಿ ಫಾರಂ ಕೊಟ್ಟು ಬದಲಾಯಿಸಿಕೊಳ್ಳಿ.

ರೈತ ವಿದ್ಯಾನಿಧಿ ಅಂದರೆ ಯಾವುದು? ಅದಕ್ಕೆ ಏನು ಬೇಕು?

2021ರಲ್ಲಿ ಶುರುವಾದ ಯೋಜನೆ, ರೈತರ ಮಕ್ಕಳಿಗೆ. ಆಗ ನಿಗದಿ ಮಾಡಿದ ಮೊತ್ತ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್‌ಸಿ, ಬಿಕಾಂಗೆ 5,000 ಮತ್ತು 5,500. ಕಾನೂನು, ನರ್ಸಿಂಗ್‌ನಂಥ ಕೋರ್ಸಿಗೆ 7,500 ಮತ್ತು 8,000. ಎಂಬಿಬಿಎಸ್, ಬಿಇ, ಸ್ನಾತಕೋತ್ತರಕ್ಕೆ 10,000 ಮತ್ತು 11,000.

ಇಲ್ಲಿ ಮುಖ್ಯ ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ನೋಂದಣಿ ಸಂಖ್ಯೆ. ನಮ್ಮ ಕಡೆ ಇದರಲ್ಲೊಂದು ಗಂಟು ಬೀಳುತ್ತದೆ. ಉಳುವುದು ಅಪ್ಪ, ಪಹಣಿ ಇರುವುದು ತೀರಿಹೋದ ಅಜ್ಜನ ಹೆಸರಿನಲ್ಲಿ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ, ಮಾಡಿಸಿಲ್ಲ, ಯಾಕೆ ಅಂದರೆ ಅಣ್ಣತಮ್ಮಂದಿರು ಒಂದು ಕಡೆ ಕೂತು ಮಾತಾಡಿಲ್ಲ. ಅಪ್ಪನಿಗೆ ಎಫ್‌ಐಡಿ ಇಲ್ಲ, ಹಾಗಾಗಿ ಹುಡುಗಿ ರೈತನ ಮಗಳು ಅಂತ ಕಂಪ್ಯೂಟರಿಗೆ ಗೊತ್ತೇ ಇಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮುನಿಸಿಗೆ ಹುಡುಗಿ ದಂಡ ಕಟ್ಟುತ್ತಿದ್ದಾಳೆ. ರೈತ ಸಂಪರ್ಕ ಕೇಂದ್ರಕ್ಕೂ ನಾಡಕಚೇರಿಗೂ ಒಮ್ಮೆ ಹೋಗಿ ಬನ್ನಿ. ಬೆಳೆ ಪರಿಹಾರಕ್ಕೂ ಇದೇ ಎಫ್‌ಐಡಿ ಬೇಕಲ್ಲ.

ಹಾಸ್ಟೆಲ್ ಸಿಗಲಿಲ್ಲ. ಬೇರೆ ಏನಾದರೂ?

ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ. ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗೆ ಇರುವವರಿಗೆ ಊಟ, ವಸತಿಗೆ ತಿಂಗಳಿಗೆ 1,500ರಂತೆ 10 ತಿಂಗಳು, ಅಂದರೆ 15,000 ರೂಪಾಯಿ ಅಂತ ಶುರು ಮಾಡಿದ್ದು. ಎಸ್‌ಎಸ್‌ಪಿಯಲ್ಲೇ ಅರ್ಜಿ. ಮಠಗಳ, ಸಮಾಜಗಳ ಹಾಸ್ಟೆಲ್‌ಗಳೂ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಇವೆ. ಅಲ್ಲಿ ಫಾರಂಗಿಂತ ಖುದ್ದು ಹೋಗಿ ಕೇಳುವುದೇ ವಾಸಿ.

ಹೊರಗಿನ ಸ್ಕಾಲರ್‌ಶಿಪ್‌ಗಳು ನಿಜವಾಗಿ ಸಿಗುತ್ತವಾ?

ಸಿಗುತ್ತವೆ. ಅರ್ಜಿ ಹಾಕಿದವರಿಗೆ. ನಮ್ಮ ಮಕ್ಕಳು ಹಾಕುವುದೇ ಕಮ್ಮಿ, ಅದೇ ನನ್ನ ದೂರು.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರು ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಸ್ಕಾಲರ್‌ಶಿಪ್ ಬಿಡಲೇಬಾರದು. ಡಿಗ್ರಿ ಮುಗಿಯುವ ತನಕ ವರ್ಷಕ್ಕೆ 30,000. ಕರ್ನಾಟಕದಲ್ಲಿ ಅದಕ್ಕೆ ದೀಪಿಕಾ ಅಂತ ಹೆಸರು. ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಇದೆ, ವರ್ಷಕ್ಕೆ 50,000. ಆದಾಯ 8 ಲಕ್ಷದೊಳಗೆ ಇರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಅಂಗವಿಕಲ ಮಕ್ಕಳಿಗೆ ಎಐಸಿಟಿಇಯದ್ದೇ ಸಕ್ಷಮ್, ಅದೂ 50,000. ಪಿಯುಸಿಯಲ್ಲಿ ಒಳ್ಳೆ ಅಂಕ ಬಂದಿದ್ದು ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್, ಡಿಗ್ರಿಗೆ ವರ್ಷಕ್ಕೆ 12,000. ಅಪ್ಪ ಗಾರೆ ಕೆಲಸ ಮಾಡುತ್ತಾ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿದ್ದರೆ ಕಾರ್ಮಿಕ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ.

ಒಂದು ಎಚ್ಚರಿಕೆ. ಸ್ಕಾಲರ್‌ಶಿಪ್ ಬಂದಿದೆ, ಮೊದಲು 999 ರೂಪಾಯಿ ಹಾಕಿ ಅಂತ ಫೋನ್ ಬಂದರೆ ಇಟ್ಟುಬಿಡಿ. ಕೊಡುವವರು ಕೇಳುವುದಿಲ್ಲ.

ಎರಡೆರಡು ಸ್ಕಾಲರ್‌ಶಿಪ್ ತಗೋಬಹುದಾ?

ಆಯಾ ಯೋಜನೆಯ ನಿಯಮ ನೋಡಬೇಕು. ಒಂದೇ ಫೀಸಿಗೆ ಎರಡು ಸರ್ಕಾರಿ ಯೋಜನೆ ಸಾಮಾನ್ಯವಾಗಿ ನಡೆಯುವುದಿಲ್ಲ. ಸರ್ಕಾರದ್ದು ಒಂದು, ಟ್ರಸ್ಟಿನದ್ದು ಒಂದು ಅಂದರೆ ಹಲವು ಟ್ರಸ್ಟುಗಳು ಒಪ್ಪುತ್ತವೆ. ಅರ್ಜಿಯಲ್ಲಿ "ಬೇರೆ ಸಹಾಯ ಪಡೆಯುತ್ತಿದ್ದೀರಾ" ಅಂತ ಕೇಳಿದ ಕಡೆ ನಿಜ ಬರೆಯಿರಿ. ಮುಚ್ಚಿಟ್ಟು ಆಮೇಲೆ ವಾಪಸ್ ಕಟ್ಟಿದವರನ್ನು ನೋಡಿದ್ದೇನೆ, ಆ ಹೊತ್ತಿಗೆ ದುಡ್ಡು ಖರ್ಚಾಗಿರುತ್ತದೆ.

ಬ್ಯಾಂಕಿನಲ್ಲಿ ಆಸ್ತಿ ಅಡ ಇಡದೆ ಎಷ್ಟು ಸಾಲ ಸಿಗುತ್ತೆ?

ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಡ. ಅದಕ್ಕೆ ಸರ್ಕಾರದ ಖಾತರಿ ನಿಧಿಯೇ ಜಾಮೀನು. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಬೇಕು. 4 ಲಕ್ಷದವರೆಗೆ ನಿಮ್ಮ ಕೈಯಿಂದ ಏನೂ ಹಾಕಬೇಕಿಲ್ಲ. ಅದರ ಮೇಲೆ ಭಾರತದಲ್ಲಿ ಓದುವುದಕ್ಕೆ ಶೇ 5ರಷ್ಟು ನಿಮ್ಮ ಪಾಲು, ಇದಕ್ಕೆ ಮಾರ್ಜಿನ್ ಅನ್ನುತ್ತಾರೆ. ಬಂದ ಸ್ಕಾಲರ್‌ಶಿಪ್ಪನ್ನು ಈ ಮಾರ್ಜಿನ್ ಲೆಕ್ಕಕ್ಕೆ ಹಿಡಿಯಬಹುದು. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಿ.

ಫೀಸು ಮಾತ್ರ ಅಲ್ಲ, ಹಾಸ್ಟೆಲ್, ಪುಸ್ತಕ, ಪರೀಕ್ಷೆ ಶುಲ್ಕ, ಲ್ಯಾಪ್‌ಟಾಪು ಕೂಡ ಸಾಲದಲ್ಲಿ ಸೇರುತ್ತವೆ. ಫೀಸಿನ ದುಡ್ಡು ನೇರ ಕಾಲೇಜಿಗೆ ಹೋಗುತ್ತದೆ, ಅದೂ ವರ್ಷ ವರ್ಷಕ್ಕೆ. ಪೂರ್ತಿ ಒಂದೇ ಸಲ ಕೈಗೆ ಕೊಡುತ್ತಾರೆ ಅಂತ ತಿಳಿದು ಬೋರ್‌ವೆಲ್ ಲೆಕ್ಕ ಹಾಕಿಕೊಂಡಿದ್ದ ಯಜಮಾನರೊಬ್ಬರು ನನ್ನ ಕಿಟಕಿಯಲ್ಲೇ ಬಹಳ ಬೇಜಾರು ಮಾಡಿಕೊಂಡಿದ್ದರು.

"ನಿಮ್ಮ ಊರು ನಮ್ಮ ಶಾಖೆಗೆ ಬರಲ್ಲ" ಅಂತ ವಾಪಸ್ ಕಳಿಸಿದರು. ಏನು ಮಾಡೋದು?

ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹಿಂದೆಯೇ ಹೇಳಿದೆ. ಜಗಳ ಮಾಡಬೇಡಿ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಡಿ, ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ. ಇಲ್ಲವೆಂದರೆ ಶಿಕ್ಷಣ ಸಾಲದ ಆನ್‌ಲೈನ್ ಅರ್ಜಿಗೆ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ಅಲ್ಲಿ ದಾಖಲೆ ಉಳಿಯುತ್ತದೆ. ಬಾಯಿ ಮಾತಿನ "ಆಗಲ್ಲ" ಅನ್ನುವುದಕ್ಕೆ ದೂರು ಕೊಡಲು ಬರುವುದಿಲ್ಲ.

ಬರವಣಿಗೆಯಲ್ಲಿ ಕೊಟ್ಟೂ ಕೆಲಸ ಆಗದಿದ್ದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ. ದಾವಣಗೆರೆಗೂ ಚಿತ್ರದುರ್ಗಕ್ಕೂ ಬೇರೆ ಬೇರೆ ಇದ್ದಾರೆ. ಎಷ್ಟೋ ಸಲ ಅವರ ಒಂದು ಫೋನಿಗೆ ಫೈಲು ಕದಲುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದೆ, ಸಹಾಯವಾಣಿ 14448.

ನನ್ನ ಬೆಳೆ ಸಾಲ ಬಾಕಿ ಇದೆ. ಮಗಳಿಗೆ ಸಾಲ ಕೊಡ್ತಾರಾ?

ಚಳ್ಳಕೆರೆ, ಹಿರಿಯೂರು ಕಡೆಯವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಶೇಂಗಾ ಕೈಕೊಟ್ಟ ವರ್ಷದ ಸಾಲ ಕಟ್ಟಲು ಆಗಿರುವುದಿಲ್ಲ, ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸಿದ್ದಕ್ಕೆ ಸಿಗುವ ಅಂಕ, ಬಿದ್ದಿರುತ್ತದೆ. ನಿಜ ಹೇಳಬೇಕೆಂದರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಅಪ್ಪ ಅಮ್ಮನ ಸ್ಕೋರ್ ಕಮ್ಮಿ ಅನ್ನುವ ಕಾರಣಕ್ಕೇ ಮಕ್ಕಳ ಶಿಕ್ಷಣ ಸಾಲ ತಡೆಯಬಾರದು ಅಂತ ಕೇರಳ ಹೈಕೋರ್ಟ್ ಹೇಳಿದ್ದುಂಟು. ಆದರೆ ಫೀಸು ಕಟ್ಟಲು ಹತ್ತು ದಿನ ಇರುವಾಗ ಕೋರ್ಟಿಗೆ ಯಾರು ಹೋಗುತ್ತಾರೆ?

ಕೆಲಸಕ್ಕೆ ಬರುವ ದಾರಿ ಎರಡು. ಬಡ್ಡಿ ಕಟ್ಟಿ ಬೆಳೆ ಸಾಲ ನವೀಕರಣ ಮಾಡಿಸಿ, ಅದೂ ಏಪ್ರಿಲ್-ಮೇನಲ್ಲಿ. ಇಲ್ಲವೇ ಸಾಲ ಬಾಕಿ ಇಲ್ಲದ ತಾಯಿಯನ್ನು ಜೊತೆ ಸಾಲಗಾರರನ್ನಾಗಿ ಮಾಡಿ. ಹಾಗೇ ಒಮ್ಮೆ ಸಿಬಿಲ್ ವರದಿ ತೆಗೆಸಿ ನೋಡಿ. ತೀರಿಸಿದ ಟ್ರ್ಯಾಕ್ಟರ್ ಸಾಲ ಅಲ್ಲಿ ಇನ್ನೂ ಬಾಕಿ ಅಂತಲೇ ಕೂತಿರಬಹುದು.

ಓದುವಾಗ ಕಂತು ಇಲ್ಲ ಅಂತಾರೆ. ಬಡ್ಡಿಯೂ ಇಲ್ವಾ?

ಇದೆ! ಎಲ್ಲರೂ ಮೋಸ ಹೋಗುವುದು ಇಲ್ಲೇ. ಕೋರ್ಸು ಮುಗಿಯುವ ತನಕ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಅಷ್ಟೇ. ಬಡ್ಡಿ ಮೊದಲ ದಿನದಿಂದ ಓಡುತ್ತಿರುತ್ತದೆ. ಆ ಅವಧಿಯಲ್ಲಿ ಸರಳ ಬಡ್ಡಿ, ಅದೊಂದು ಸಮಾಧಾನ.

ಬನ್ನಿ, ಲೆಕ್ಕ ಮಾಡೋಣ. ಬಿಇ ಹುಡುಗ, ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಮೊದಲ ವರ್ಷದ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000. ಎರಡನೆಯದಕ್ಕೆ 40,000. ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000. ಒಟ್ಟು 1,40,000. ತಗೊಂಡಿದ್ದು 4 ಲಕ್ಷ, ಕಂತು ಶುರುವಾಗುವ ದಿನ ತಲೆ ಮೇಲಿರುವುದು 5,40,000. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 7,136 ರೂಪಾಯಿ. ಹದಿನೈದು ವರ್ಷ ಮಾಡಿದರೆ ಕಂತು 5,803ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 10 ಲಕ್ಷ ದಾಟುತ್ತದೆ.

ಅದೇ ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ? ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667, ಮೂರನೇ ವರ್ಷ 2,500, ಆಮೇಲೆ 3,333. ಕಂತು ಶುರುವಾದಾಗ ಅಸಲು 4 ಲಕ್ಷವೇ ಇರುತ್ತದೆ, ಹತ್ತು ವರ್ಷಕ್ಕೆ ತಿಂಗಳಿಗೆ 5,286. ಓದುವಾಗ ಬಡ್ಡಿ ಕಟ್ಟಿದವರಿಗೆ ಬಡ್ಡಿ ದರದಲ್ಲಿ ಶೇ 1ರವರೆಗೆ ರಿಯಾಯಿತಿಯೂ ಉಂಟು. ಎರಡು ಎಮ್ಮೆ ಇಟ್ಟುಕೊಂಡು ಡೈರಿಗೆ ಹಾಲು ಹಾಕುವ ಮನೆಗೆ ಮೊದಲ ವರ್ಷದ 833 ಕಷ್ಟವೇನಲ್ಲ. ತಡವಾಗಿ ಬಂದ ಸ್ಕಾಲರ್‌ಶಿಪ್ಪನ್ನೂ ಇದಕ್ಕೇ ಕಟ್ಟಿ. ಆ ದುಡ್ಡಿಗೆ ಹುಡುಗ ಹೊಸ ಮೊಬೈಲ್ ನೋಡಿಟ್ಟಿರುತ್ತಾನೆ, ಅದು ಬೇರೆ ಮಾತು.

ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತೆ ಅಂತ ಕೇಳಿದೆ. ನಿಜವಾ?

ಕೆಲವರಿಗೆ ನಿಜ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸನ್ನು ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದುತ್ತಿದ್ದರೆ, ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2009ರಿಂದ ಇರುವ ಯೋಜನೆ. ಮೇಲಿನ ಲೆಕ್ಕದ 1,40,000 ಇತ್ತಲ್ಲ, ಅದೇ ಪೂರ್ತಿ ಹೋಗುತ್ತದೆ. ನಡುವೆ ಕೋರ್ಸು ಬಿಟ್ಟರೆ ಇದು ಸಿಗುವುದಿಲ್ಲ.

2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಬಂತು. ಇದರಲ್ಲಿ ಆಯ್ದ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ 860, ಜಾಮೀನಿಲ್ಲದೆ ಅಡವಿಲ್ಲದೆ ಸಾಲ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇ 3 ಸಹಾಯ. ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಅಥವಾ ಬಡ್ಡಿ ಸಹಾಯ ಇರುವವರಿಗೆ ಈ ಶೇ 3 ಇಲ್ಲ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಪೋರ್ಟಲ್‌ನಲ್ಲೇ ನೋಡಿ. ಕಾಲೇಜಿನ ಜಾಹೀರಾತು ನೋಡಿ ನಂಬಬೇಡಿ. ನಾನೂ ಒಂದು ಕಾಲೇಜಿನವನೇ, ಆದರೂ ಹೇಳುತ್ತಿದ್ದೇನೆ.

ನಿಗಮದ ಸಾಲ, ಅರಿವು ಅಂತಾರಲ್ಲ?

ಅದನ್ನು ಮೊದಲು ನೋಡಿ, ಬ್ಯಾಂಕನ್ನು ಆಮೇಲೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಕ್ಕೂ ಅರಿವು ಹೆಸರಿನ ಶಿಕ್ಷಣ ಸಾಲ ಇದೆ. ಸಿಇಟಿಯಂಥ ಪರೀಕ್ಷೆ ಮೂಲಕ ವೃತ್ತಿಪರ ಸೀಟು ಪಡೆದವರಿಗೆ. ಬಡ್ಡಿ ಬರೀ ಶೇ 2ರ ಲೆಕ್ಕ. ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ್ದು ಬಸವ ಬೆಳಗು. ಅರ್ಜಿ ಕರೆಯುವುದು ವರ್ಷದಲ್ಲಿ ಕೆಲವೇ ವಾರ, ದುಡ್ಡೂ ಎಲ್ಲರಿಗೆ ಸಾಲುವುದಿಲ್ಲ. ಜಿಲ್ಲಾ ಕಚೇರಿಗೆ ಜೂನ್‌ನಿಂದಲೇ ಹದಿನೈದು ದಿನಕ್ಕೊಮ್ಮೆ ಹೋಗಿ ವಿಚಾರಿಸುವುದೊಂದೇ ಉಪಾಯ.

ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ?

ಬ್ಯಾಂಕಿನ ಮರ್ಜಿ. ರಸೀತಿ ಇರುವ ಫೀಸಿಗೆ ಕೊಟ್ಟರೂ ಕೊಡಬಹುದು, ಡೊನೇಷನ್‌ಗೆ ಯಾರೂ ಕೊಡುವುದಿಲ್ಲ. ಅಂಥ ದುಡ್ಡು ತೆಗೆದುಕೊಳ್ಳುವುದನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1984ರಿಂದಲೂ ಇದೆ. ಒಂದು ಎಕರೆ ಅಡಿಕೆ ತೋಟ ಮಾರಿ ಇದಕ್ಕೆ ಕೊಟ್ಟವರನ್ನು ನೋಡಿದ್ದೇನೆ. ಅದೇ ಹುಡುಗ ಸರ್ಕಾರಿ ಕಾಲೇಜಿನಲ್ಲಿ ಬೇರೆ ಬ್ರಾಂಚ್ ತಗೊಂಡಿದ್ದರೆ ತೋಟ ಉಳಿಯುತ್ತಿತ್ತು. ಇದು ನನ್ನ ಅಭಿಪ್ರಾಯ, ಬೇಕಾದರೆ ತಗೊಳ್ಳಿ.

ಮಗಳ ಹೆಸರಲ್ಲಿ ಸಾಲ ಮಾಡಿದರೆ ಮದುವೆಗೆ ತೊಂದರೆ ಆಗಲ್ವಾ?

ತಾಯಂದಿರು ಕೇಳುತ್ತಾರೆ. ಒಬ್ಬರಂತೂ "ಸಾಲದ ಹುಡುಗಿ ಅಂತಾರೆ ಸಾರ್" ಅಂದರು. ನಾನಂದೆ, "ಅಮ್ಮಾ, ಸಂಬಳದ ಹುಡುಗಿ ಅಂತಲೂ ಅಂತಾರಲ್ಲ." ಸಾಲ ಅವಳ ಮತ್ತು ಜೊತೆ ಸಹಿ ಹಾಕಿದ ನಿಮ್ಮದು. ಸಹಿ ಹಾಕದ ಅಳಿಯನಿಗೆ ಬ್ಯಾಂಕು ನೋಟಿಸ್ ಕಳಿಸುವುದಿಲ್ಲ. ಮದುವೆ ಮಾತುಕತೆಯಲ್ಲೇ ಕಂತು ಯಾರು ಕಟ್ಟುತ್ತಾರೆ ಅಂತ ಬಿಚ್ಚಿ ಮಾತಾಡಿಕೊಳ್ಳಿ. ಹಲವು ಬ್ಯಾಂಕುಗಳಲ್ಲಿ ಹುಡುಗಿಯರಿಗೆ ಬಡ್ಡಿ ಶೇ ಅರ್ಧದಷ್ಟು ಕಮ್ಮಿ.

ಸಾಲ ಮಂಜೂರಾಗುವ ಮೊದಲೇ ಫೀಸಿನ ದಿನ ಬಂತು. ಒಡವೆ ಅಡ ಇಡಲಾ?

ಬಹಳ ಮನೆಗಳು ಮಾಡುವುದು ಇದನ್ನೇ, ತಪ್ಪೇನಿಲ್ಲ. ಆದರೆ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಇಡಿ, ಕೈಸಾಲಕ್ಕೆ ಹೋಗಬೇಡಿ. ಫೀಸು ಕಟ್ಟಿದ ಮೂಲ ರಸೀತಿ ಜೋಪಾನ. ಶಿಕ್ಷಣ ಸಾಲ ಬಂದಾಗ ಈಗಾಗಲೇ ಕಟ್ಟಿದ ಫೀಸನ್ನು ನಿಮ್ಮ ಖಾತೆಗೆ ಕೊಡುತ್ತೀರಾ ಅಂತ ಮ್ಯಾನೇಜರನ್ನು ಮುಂಚೆಯೇ ಕೇಳಿಕೊಳ್ಳಿ. ಒಪ್ಪಿದರೆ ಆ ದುಡ್ಡಿನಲ್ಲಿ ಒಡವೆ ಬಿಡಿಸಬಹುದು.

ಅಮೆರಿಕಕ್ಕೆ ಎಂಎಸ್‌ಗೆ ಹೋಗಬೇಕು ಅಂತಾನೆ. ಅಲ್ಲಿನ ಕಾಲೇಜಿನ ಪತ್ರ ಹೇಗೆ ಓದೋದು?

ಮೊದಲು ಹೇಳಿದ ಪತ್ರ ಇದೇ. ಅದರಲ್ಲಿ ಗ್ರಾಂಟ್, ಸ್ಕಾಲರ್‌ಶಿಪ್ ಅಂತಿರುವುದು ವಾಪಸ್ ಕೊಡಬೇಕಿಲ್ಲ. ಲೋನ್ ಅಂತಿರುವುದು ಸಾಲ. ಎಲ್ಲ ಕೂಡಿಸಿ ದೊಡ್ಡ ಮೊತ್ತ ತೋರಿಸಿದ್ದರೆ ಹಿಗ್ಗಬೇಡಿ, ಬಿಡಿಸಿ ನೋಡಿ. ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯ ವಿದೇಶಿಯರಿಗೆ ಇಲ್ಲ. ನಮ್ಮ ಮಕ್ಕಳಿಗೆ ಸಿಕ್ಕರೆ ಕಾಲೇಜಿನದ್ದೇ ಸ್ಕಾಲರ್‌ಶಿಪ್, ಅಥವಾ ಪಾಠ ಇಲ್ಲವೇ ಸಂಶೋಧನೆಗೆ ನೆರವಾಗುವ ಅಸಿಸ್ಟೆಂಟ್‌ಶಿಪ್. ಎಫ್-1 ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದರಲ್ಲಿ ಫೀಸು ಹುಟ್ಟುವುದಿಲ್ಲ.

ಹೊರಗಿನ ಸ್ಕಾಲರ್‌ಶಿಪ್ ಸಿಕ್ಕರೆ ಅದನ್ನು ಆ ಕಾಲೇಜಿಗೆ ತಿಳಿಸಬೇಕು. ಕೆಲವು ಕಾಲೇಜುಗಳು ಅಷ್ಟೇ ಮೊತ್ತವನ್ನು ತಮ್ಮ ಗ್ರಾಂಟಿನಲ್ಲಿ ಕಡಿದುಬಿಡುತ್ತವೆ. ಮೊದಲು ಸಾಲದ ಭಾಗ ಕಮ್ಮಿ ಮಾಡುತ್ತೀರಾ, ಗ್ರಾಂಟ್ ಕಮ್ಮಿ ಮಾಡುತ್ತೀರಾ ಅಂತ ಮೇಲ್ ಹಾಕಿ ಕೇಳಿ.

ಇಲ್ಲಿನ ಬ್ಯಾಂಕಿನಲ್ಲಿ ವಿದೇಶಕ್ಕೆ ಮಾರ್ಜಿನ್ ಶೇ 15. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಬೇಕು. ಹೊಲದ ಪಹಣಿ ತಂದರೆ ಬ್ಯಾಂಕಿನವರು ಹಿಂಜರಿಯುತ್ತಾರೆ, ಮನೆ ಅಥವಾ ಸೈಟು ಕೇಳುತ್ತಾರೆ. ಹಳ್ಳಿ ಮನೆಗೆ ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9, 11 ಇಲ್ಲದಿದ್ದರೆ ಅಲ್ಲೇ ನಿಂತುಹೋಗುತ್ತದೆ. 30 ಲಕ್ಷಕ್ಕೆ ಶೇ 10 ಅಂದರೆ ತಿಂಗಳಿಗೆ 25,000 ಬರೀ ಬಡ್ಡಿ. ಇದನ್ನು ಅಪ್ಪ ಅಮ್ಮ ಮಗ ಮೂರೂ ಜನ ಒಟ್ಟಿಗೆ ಕೂತು ಒಂದು ಸಲ ಜೋರಾಗಿ ಓದಿಕೊಳ್ಳಿ.

ಒಂದು ವರ್ಷ ಫೇಲಾದರೆ?

ಸ್ಕಾಲರ್‌ಶಿಪ್ ಆ ವರ್ಷ ನಿಲ್ಲುವುದೇ ಜಾಸ್ತಿ. ಬ್ಯಾಂಕಿಗೆ ನೀವೇ ಹೋಗಿ ಹೇಳಿ, ಅವಧಿ ವಿಸ್ತರಿಸಲು ಅವಕಾಶ ಉಂಟು.

ಕೆಲಸ ಸಿಗಲಿಲ್ಲ. ಸಾಲ ಮನ್ನಾ ಆಗುತ್ತಾ?

2018ರಲ್ಲಿ ಮನ್ನಾ ಮಾಡಿದ್ದು ಬೆಳೆ ಸಾಲ. ಅದನ್ನು ನೆನಪಿಟ್ಟುಕೊಂಡು ಶಿಕ್ಷಣ ಸಾಲವೂ ಮನ್ನಾ ಆಗುತ್ತೆ ಅಂತ ಕಾಯಬೇಡಿ. ಕಂತು ತಪ್ಪುವ ಮೊದಲೇ ಹೋಗಿ ಅವಧಿ ಹೆಚ್ಚಿಸಲು ಬರೆದು ಕೊಡಿ. ಮೂರು ತಿಂಗಳು ಕಂತು ಕಟ್ಟದಿದ್ದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಹುಡುಗನ ಸಿಬಿಲ್ ಹೋಯಿತು. ಕೆಲಸ ಸಿಕ್ಕವರಿಗೆ ಒಂದು ಮಾತು: ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಕಟ್ಟಿದ ಬಡ್ಡಿಗೆ 8 ವರ್ಷ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ.

ನಿಮ್ಮ ಕೌಂಟರಿಗೆ ಬರುವಾಗ ಏನು ತರಬೇಕು?

ಎಲ್ಲದರ ಎರಡೆರಡು ಜೆರಾಕ್ಸ್. ಆಧಾರ್‌ಗೆ ಲಿಂಕ್ ಆದ ಸಿಮ್ ಇರುವ ಮೊಬೈಲು, ಓಟಿಪಿ ಅದಕ್ಕೇ ಬರುವುದು. ಅದು ಊರಲ್ಲಿ ಅಣ್ಣನ ಹತ್ತಿರ ಇದೆ ಅಂತ ವಾಪಸ್ ಹೋದವರು ವಾರಕ್ಕೆ ಹತ್ತು ಜನ. ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ಕುಗಳನ್ನೂ ತನ್ನಿ, ಟ್ರಂಕಿನಲ್ಲಿರುವ ಹಳೆಯದನ್ನೂ. ಮತ್ತು ವಿದ್ಯಾರ್ಥಿಯನ್ನೇ ಕರೆದುಕೊಂಡು ಬನ್ನಿ. ಮಧ್ಯಾಹ್ನ ಒಂದೂವರೆಯಿಂದ ಎರಡೂಕಾಲು ನಾನು ಊಟಕ್ಕೆ ಹೋಗಿರುತ್ತೇನೆ.